ಆರನೇ ರೀಲಿನ ಹುಡುಗಿ

ಡಬ್ಬಿ ತೆರೆಯುವ ಮೊದಲೇ ವಾಸನೆ ಬಂದಿತ್ತು. ಹುಳಿ ವಾಸನೆ. ಹಳೆಯ ಫಿಲ್ಮು ಕೊಳೆಯತೊಡಗಿದರೆ ಹೀಗೇ, ಕೋಣೆಯೊಳಗೆ ಯಾರೋ ವಿನೆಗರ್ ಬಾಟಲಿ ಒಡೆದಂತೆ ಮೂಗಿಗೆ ರಾಚುತ್ತದೆ. ಪಾಪು ಅರ್ಧ ಆಯುಸ್ಸನ್ನು ಈ ವಾಸನೆಯ ಜೊತೆಗೇ ಕಳೆದವಳು. ಒಳಗೆ ಏನಿರಬಹುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಚ್ಚಳಕ್ಕೆ ಕೈಹಾಕದೆ ಸುಮ್ಮನೆ ಕುಳಿತಳು. ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಆರು ಎಂದು ಬರೆದಿತ್ತು. ಉಳಿದ ರೀಲುಗಳೆಲ್ಲ ಕೆಟ್ಟಿದ್ದರೂ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು, ಇದೊಂದು ಚೆನ್ನಾಗಿರಬೇಕಿತ್ತು.

ಹೆಸರು ಕೇಳಿ ಯಾರೋ ಪುಟ್ಟ ಹುಡುಗಿ ಅಂದುಕೊಳ್ಳಬೇಡಿ. ಪಾಪುವಿಗೆ ಐವತ್ತು ದಾಟಿದೆ, ಮಂಡಿನೋವಿದೆ, ಹತ್ತಿರಕ್ಕೊಂದು ದೂರಕ್ಕೊಂದು ಎಂದು ಎರಡು ಕನ್ನಡಕಗಳಿವೆ. ಕೊನೆಯ ಮಗುವಿಗೆ ಮನೆಯಲ್ಲಿ ಅಂಟಿದ ಹೆಸರು. ಅವಳ ತಾಯಿ ಕಚೇರಿಗೆ ಫೋನು ಮಾಡಿ "ಪಾಪು ಇದಾಳಾ?" ಎಂದು ಕೇಳಿ ಕೇಳಿ ಅದು ಅಲ್ಲಿಗೂ ಬಂದು ಸೇರಿತು. ಈಗ ಕಂಪನಿಯ ಯಜಮಾನರು ಕೂಡ "ಪಾಪು ಮೇಡಂ" ಎನ್ನುತ್ತಾರೆ. ಹೇಳುವವರಿಗೂ ನಗು ಬರುವುದಿಲ್ಲ, ಕೇಳುವವಳಿಗೂ ಬರುವುದಿಲ್ಲ.

ಹಳೆಯ ಸಿನಿಮಾಗಳನ್ನು ಹುಡುಕಿ, ತೊಳೆದು, ಒರೆಸಿ, ಡಿಸ್ಕಿಗೆ ಹಾಕಿ ಮಾರುವ ಪುಟ್ಟ ಕಂಪನಿ ಅದು. ಈ ಕೆಲಸ ಹೊರಗಿನವರಿಗೆ ತಿಳಿಯುವುದಿಲ್ಲ. ಯಾರೋ ಗುಂಡಿ ಒತ್ತಿದರು, ಡಿಸ್ಕು ಬಂತು ಎಂದುಕೊಳ್ಳುತ್ತಾರೆ. ಮೊದಲು ಸಿನಿಮಾ ಯಾರ ಸೊತ್ತು ಎಂದು ಪತ್ತೆ ಮಾಡಬೇಕು. ಈ ಚಿತ್ರದ ನಿರ್ಮಾಪಕ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮಕ್ಕಳದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ಒಬ್ಬ ಸಹಿ ಹಾಕಿದರೆ ಇನ್ನೊಬ್ಬನಿಗೆ ಹೊಟ್ಟೆನೋವು. ಅದು ಬಗೆಹರಿಯುವ ಹೊತ್ತಿಗೆ ನೆಗೆಟಿವ್ ಎಲ್ಲಿದೆ ಎಂಬ ಹುಡುಕಾಟ. ಬಾಗಿಲು ಮುಚ್ಚಿದ ಒಂದು ಲ್ಯಾಬಿನ ಗೋದಾಮಿನಲ್ಲಿ, ಮುರಿದ ಕುರ್ಚಿಗಳ ಕೆಳಗೆ ಸಿಕ್ಕಿತು. ಅಲ್ಲಿಂದ ಅದು ಬರುವುದು ಪಾಪುವಿನ ಮೇಜಿಗೆ. ಬಿಳಿ ಕೈಗವಸು ಹಾಕಿಕೊಂಡು, ಕೆಳಗೆ ದೀಪವಿರುವ ಗಾಜಿನ ಮೇಲೆ ಫಿಲ್ಮನ್ನು ನಿಧಾನವಾಗಿ ಸುತ್ತುತ್ತ, ಹರಿದ ಅಂಚು, ಸವೆದ ತೂತು, ಬಿಟ್ಟುಕೊಂಡ ಅಂಟು ಎಲ್ಲವನ್ನೂ ಅವಳು ಸರಿಮಾಡಿ ಕೊಡಬೇಕು. ಆಮೇಲೆ ಒಂದೊಂದು ಚೌಕವನ್ನೂ ಕಂಪ್ಯೂಟರಿಗೆ ಇಳಿಸುವವರು, ಗೀರು ಅಳಿಸುವವರು, ಬಣ್ಣ ತಿದ್ದುವವರು, ಶಬ್ದ ತೊಳೆಯುವವರು. ಕೊನೆಗೆ ಒಂದು ಚೆಂದದ ಕವರು, ಒಳಗೊಂದು ಕಿರುಪುಸ್ತಿಕೆ.

ಇಷ್ಟೆಲ್ಲ ಯಾವ ಘನಂದಾರಿ ಚಿತ್ರಕ್ಕೆ ಎಂದು ಕೇಳಿದರೆ ನಗಬೇಕು. ಬಿಡುಗಡೆಯಾದಾಗ ಅದು ಎರಡು ವಾರವೂ ಓಡಿರಲಿಲ್ಲ. ಆದರೆ ಆ ಕಾಲದ ಒಳ್ಳೊಳ್ಳೆಯ ಚಿತ್ರಗಳೆಲ್ಲ ಕೊಳೆತು ಹೋಗಿ ಇದು ಉಳಿದುಕೊಂಡಿತ್ತು. ಅಳಿದ ಊರಿಗೆ ಉಳಿದವನೇ ಗೌಡ. ಕವರಿನ ಮೇಲೆ "ಅಪೂರ್ವ ಚಿತ್ರ" ಎಂದು ಹಾಕಿಸುವುದಾಗಿ ಯಜಮಾನರು ಆಗಲೇ ತೀರ್ಮಾನಿಸಿದ್ದರು.

ಪಾಪುವಿಗೆ ಬೇಕಾಗಿದ್ದದ್ದು ಆ ಅಪೂರ್ವದಲ್ಲಿ ಒಂದೇ ಒಂದು ದೃಶ್ಯ. ಆರನೇ ರೀಲಿನಲ್ಲಿ ನಾಯಕ ಒಂದು ಕೊಡೆ ಅಂಗಡಿಗೆ ಬಂದು ವಿಳಾಸ ಕೇಳುತ್ತಾನೆ. ಕೌಂಟರಿನ ಹಿಂದೆ ನಿಂತ ಹುಡುಗಿ ಉತ್ತರ ಹೇಳಿ ನಗುತ್ತಾಳೆ. ಅಷ್ಟೇ. ಆ ಹುಡುಗಿ ಪಾಪುವಿನ ಅಕ್ಕ.

ಅವರ ಬೀದಿಗೆ ಶೂಟಿಂಗ್ ಬಂದಿತ್ತು. ಆ ಚಿಕ್ಕ ಪಾತ್ರಕ್ಕೆ ಗೊತ್ತು ಮಾಡಿದ್ದ ಹುಡುಗಿ ಕೈಕೊಟ್ಟಳು. ಗುಂಪಿನಲ್ಲಿ ನಿಂತು ನೋಡುತ್ತಿದ್ದ ಅಕ್ಕನ ಕಡೆ ನಿರ್ದೇಶಕ ಬೆರಳು ತೋರಿಸಿದ. ಅಕ್ಕ ಓಡಿಬಂದು ಅಮ್ಮನನ್ನು ಕೇಳಿದಳು. ಅಪ್ಪ ಕೆಲಸಕ್ಕೆ ಹೋಗಿದ್ದ. "ಹೋಗು, ಒಂದು ಗಳಿಗೆ ತಾನೆ" ಎಂದಳು ಅಮ್ಮ. ಸಂಜೆ ಅಪ್ಪನಿಗೆ ಬೀದಿಯವರ ಬಾಯಲ್ಲಿ ಸುದ್ದಿ ತಿಳಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಂಬಿದ ಮನುಷ್ಯ. ಸಿನಿಮಾ ಮುಗಿಯುವ ಮೊದಲೇ ಅಕ್ಕನಿಗೆ ಮದುವೆಯಾಯಿತು. ಮರುವರ್ಷ ಹೆರಿಗೆಯಲ್ಲಿ ಅವಳೂ ಹೋದಳು, ಮಗುವೂ ಹೋಯಿತು. ಸಿನಿಮಾ ತೆರೆಗೆ ಬಂದಾಗ ಅವಳು ಸತ್ತು ಕೆಲವು ತಿಂಗಳಾಗಿತ್ತು.

ಆಗ ಪಾಪು ಇನ್ನೂ ತೊದಲು ಮಾತಿನ ಕೂಸು. ಅಕ್ಕನ ಮುಖವಾಗಲಿ, ಕೈಯಾಗಲಿ, ಧ್ವನಿಯಾಗಲಿ ಅವಳ ನೆನಪಿನಲ್ಲಿ ಇಲ್ಲ. ಮನೆಯಲ್ಲಿ ಉಳಿದಿರುವುದು ಮದುವೆಯ ದಿನದ ಒಂದು ಫೋಟೋ. ಅದರಲ್ಲಿ ಅಕ್ಕ ತಲೆ ತಗ್ಗಿಸಿದ್ದಾಳೆ, ಬೈತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಪ್ಪ ಬದುಕಿರುವವರೆಗೆ ಆ ಮನೆಯಲ್ಲಿ ಅಕ್ಕನ ಹೆಸರೂ ಆ ಸಿನಿಮಾದ ಹೆಸರೂ ಯಾರ ಬಾಯಿಂದಲೂ ಬರುವ ಹಾಗಿರಲಿಲ್ಲ. ಅವನು ತೀರಿಕೊಂಡ ಮೇಲೆ ಒಂದು ದಿನ ಅಮ್ಮ ಬಟ್ಟೆ ಮಡಿಸುತ್ತ, ತಲೆ ಎತ್ತದೆ ಕೇಳಿದಳು:

"ನೀವು ಏನೇನೋ ಹಳೇ ಸಿನಿಮಾ ಹುಡುಕ್ತೀರಲ್ಲ, ಅದು ಸಿಗಲ್ವೇನೇ? ಒಂದು ಸಲ ಅವಳು ತಲೆ ಎತ್ತಿದ್ದು ನೋಡ್ಬೇಕು."

ಅಂದಿನಿಂದ ಪಾಪು ಆ ಚಿತ್ರದ ಬೆನ್ನು ಬಿದ್ದಿದ್ದಳು. ಈಗ ಅಮ್ಮನಿಗೆ ಎಂಬತ್ತೈದರ ಮೇಲಾಗಿದೆ. ಕಣ್ಣು ಮಂಜಾಗಿ, ನಡಿಗೆ ಕಿಟಕಿಯಿಂದ ಮಂಚಕ್ಕೆ ಇಳಿದಿದೆ. ಆಗ ಚಿತ್ರ ಸಿಕ್ಕಿತು.

ಪಾಪು ಮುಚ್ಚಳ ತೆರೆದಳು. ಫಿಲ್ಮು ಸುರುಳಿಯಾಗಿ ಉಳಿದಿರಲಿಲ್ಲ. ಒಂದಕ್ಕೊಂದು ಅಂಟಿ, ಉಬ್ಬಿ, ಒಣಗಿದ ಗೋಂದಿನ ಮುದ್ದೆಯಾಗಿತ್ತು. ಬೆರಳಿಂದ ಅಂಚು ಮುಟ್ಟಿದರೆ ಬಿಳಿ ಪುಡಿ ಉದುರಿತು. ಬಿಡಿಸಲು ನೋಡಿದಳು, ಚಿತ್ರದ ಪೊರೆಯೇ ಸುಲಿದುಬಂತು. ಅದನ್ನು ದೀಪಕ್ಕೆ ಹಿಡಿದಳು. ಏನೂ ಇರಲಿಲ್ಲ, ಕಂದು ಬಣ್ಣದ ಕಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅನ್ನುವುದನ್ನು ಎಷ್ಟೋ ಸಲ ಕೇಳಿದ್ದಳು. ಅವತ್ತು ಅದು ತನ್ನ ಮನೆಯ ಮಾತಾಯಿತು. ಮೇಜಿನ ದೀಪ ಆರಿಸಿ, ಕೈಗವಸಿನಲ್ಲೇ ಕಣ್ಣೊರೆಸಿಕೊಂಡಳು.

ಮನೆಗೆ ಹೋದರೆ ಅಮ್ಮ ದಿನಾ ಕೇಳುವುದನ್ನೇ ಕೇಳಿದಳು. "ಸಿಕ್ಕಿದ್ಲಾ?"

"ಹುಡುಕ್ತಾ ಇದೀವಮ್ಮ. ಊಟ ಮಾಡಿದ್ಯಾ?"

"ಊಟದ್ದೇನು, ದಿನಾ ಇದ್ದಿದ್ದೇ" ಎಂದು ಅಮ್ಮ ಗೋಡೆಯ ಕಡೆ ಮಗ್ಗುಲಾದಳು.

ಮರುದಿನ ಯಜಮಾನರು ಆರನೇ ಡಬ್ಬಿಯನ್ನು ನೋಡಿ ಮೂಗು ಮುಚ್ಚಿಕೊಂಡರು. ಕೆಟ್ಟವರಲ್ಲ. ಸಿನಿಮಾ ಹುಚ್ಚಿಗೆ ಬಿದ್ದು ಅಂಗಡಿ ತೆರೆದವರು, ಅಂಗಡಿ ತೆರೆದ ಮೇಲೆ ಹುಚ್ಚು ಅರ್ಧ ಇಳಿದಿತ್ತು.

"ಮೇಡಂ, ಇದರಲ್ಲಿ ಏನಿದೆ? ಹೀರೋ ವಿಳಾಸ ಕೇಳೋದು, ಬೀದಿ ಸುತ್ತೋದು. ಇದು ಇಲ್ದಿದ್ರೆ ಕತೆಗೆ ಏನೂ ನಷ್ಟ ಇಲ್ಲ. ಬಿಟ್ಬಿಡಿ."

ಪಾಪು ಅಲ್ಲಿಯವರೆಗೆ ಆ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು. ಯಜಮಾನರು ಮೂಗಿನ ಮೇಲಿನ ಕರವಸ್ತ್ರ ತೆಗೆದು ಮಡಿಸಿ ಜೇಬಿಗಿಟ್ಟರು.

"ಮೊದಲೇ ಹೇಳ್ಬಾರ್ದಾ?" ಎಂದರು. ಆಮೇಲೆ, "ಥಿಯೇಟರಿಗೆ ಹೋದ ಪ್ರಿಂಟು ಯಾವುದಾದ್ರೂ ಉಳಿದಿರ್ಬಹುದು. ಹುಡುಕಿ. ಕವರು ಅಚ್ಚಿಗೆ ಹೋಗೋವರೆಗೂ ಕಾಯ್ತೀನಿ."

ಫಿಲ್ಮಿನ ಲೋಕದಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ಮುಚ್ಚಿದ ಥಿಯೇಟರುಗಳ ಹಳೆಯ ಆಪರೇಟರುಗಳಿಗೆ, ಎಂದರೆ ಮೇಲಿನ ಕೋಣೆಯಲ್ಲಿ ಮಷೀನು ಓಡಿಸುತ್ತಿದ್ದವರಿಗೆ, ಒಬ್ಬೊಬ್ಬರಾಗಿ ಫೋನು ಮಾಡುತ್ತ ಹೋದಾಗ ಬೇರೆ ಊರಿನ ಒಬ್ಬ ಮುದುಕ "ಬನ್ನಿ, ನನ್ನ ಮಂಚದ ಕೆಳಗಿದೆ" ಎಂದ. ಪಾಪು ಬಸ್ಸು ಹತ್ತಿದಳು.

ಅವನ ಥಿಯೇಟರು ಈಗ ಕುರ್ಚಿ ಮೇಜು ಮಾರುವವರ ಗೋದಾಮು. ಹಿಂಬದಿಯ ಎರಡು ಕೋಣೆಯಲ್ಲಿ ಅವನ ಸಂಸಾರ. ಪಾಪು "ಅಜ್ಜಾ" ಎಂದು ಮಾತು ಶುರುಮಾಡಿದ್ದೇ ಮುದುಕ ಕೈಯೆತ್ತಿ ತಡೆದ.

"ಅಜ್ಜ ಅಂತ ಮೊಮ್ಮಕ್ಳು ಕರೀತಾರೆ, ಸಾಕು. ನೀವು ಆಪರೇಟರ್ ಅನ್ನಿ. ಹಾಗನ್ನೋರು ಯಾರೂ ಉಳಿದಿಲ್ಲ."

ಸಿನಿಮಾ ಬಿದ್ದುಹೋದ ಮೇಲೆ ಹಂಚಿಕೆದಾರರು ಪ್ರಿಂಟು ಒಯ್ಯಲು ಬರಲೇ ಇಲ್ಲವಂತೆ. ಥಿಯೇಟರು ಮುಚ್ಚಿದಾಗ ಬೀದಿಪಾಲು ಮಾಡಲು ಮನಸ್ಸಾಗದೆ ಮನೆಗೆ ತಂದಿಟ್ಟುಕೊಂಡನಂತೆ. ಹೆಂಡತಿ ಇವತ್ತಿಗೂ ಬೈಯುತ್ತಾಳಂತೆ. ಒಳಗಿನಿಂದ ಹೆಂಡತಿಯೇ ಕೂಗಿ ಹೇಳಿದಳು: "ಬೈಯದೆ ಇನ್ನೇನು? ಗುಡಿಸೋಕೆ ಜಾಗ ಇಲ್ಲ!"

ಮಂಚದ ಕೆಳಗಿನಿಂದ ಬಂದ ಆರನೇ ಡಬ್ಬಿಯಲ್ಲಿ ಹುಳಿ ವಾಸನೆ ಇರಲಿಲ್ಲ. ಮುದುಕ ಕೈಯಿಂದ ತಿರುಗಿಸುವ ಸುತ್ತುಗಾಲಿಯನ್ನು ಮೇಜಿಗೆ ಬಿಗಿದ. ಕಿಟಕಿಯ ಬೆಳಕಿಗೆ ಫಿಲ್ಮು ಹಿಡಿದು ಅವಳು ಎಳೆಯುತ್ತ ಹೋದಳು. ಗೀರುಗಳಿದ್ದವು, ಎಣ್ಣೆ ಕಲೆಗಳಿದ್ದವು, ಆದರೆ ಜೀವವಿತ್ತು. ನಾಯಕ ಬೀದಿಯಲ್ಲಿ ಬಂದ. ತೂಗುಹಾಕಿದ ಕೊಡೆಗಳು ಕಂಡವು. ಅಂಗಡಿಯ ಮೆಟ್ಟಿಲ ಮೇಲೆ ನಾಯಕ ಕಾಲಿಟ್ಟ. ಮುಂದಿನ ಚೌಕದಲ್ಲಿ ಅವನು ಬೇರೆ ಯಾವುದೋ ಬೀದಿಯಲ್ಲಿ ನಡೆಯುತ್ತಿದ್ದ.

ನಡುವೆ ಎರಡು ತುಂಡು ಅಂಟಿಸಿದ ಒಂದು ಬೆಸುಗೆ ಇತ್ತು. ಪಾಪು ಅದರ ಮೇಲೆ ಬೆರಳಾಡಿಸಿದಳು. ಹರಿದ ಫಿಲ್ಮಿನ ಅಂಚು ಸೊಟ್ಟಗಿರುತ್ತದೆ. ಇದು ನೆಟ್ಟಗೆ, ಅಳತೆ ಹಿಡಿದು ಮಾಡಿದ್ದು.

"ಇದು ಹರಿದಿದ್ದಲ್ಲ. ಕತ್ತರಿಸಿದ್ದು."

ಮುದುಕ ಸುತ್ತುಗಾಲಿಯ ಹಿಡಿಯನ್ನು ಹಿಂದೆ ಮುಂದೆ ಆಡಿಸಿದ. ಹರಿದರೆ ಕತ್ತರಿಸು, ಅಂಟಿಸು, ಓಡಿಸು ಎಂಬುದು ಆ ಕಾಲದ ಆಪರೇಟರುಗಳ ವೇದ. ಒಂದೊಂದು ಥಿಯೇಟರಿನಲ್ಲೂ ಪ್ರತಿ ಚಿತ್ರ ಒಂದಿಷ್ಟು ಚಿಕ್ಕದಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಇವನಿಗೆ ಈ ಒಂದು ಕತ್ತರಿ ನೆನಪಿತ್ತು.

"ಒಬ್ರು ಬಂದಿದ್ರು" ಎಂದ ಕೊನೆಗೆ. "ಮ್ಯಾಟನಿ ಓಡ್ತಾ ಇತ್ತು. ಸೀದಾ ಮೇಲೆ ರೂಮಿಗೇ ಹತ್ತಿ ಬಂದ್ರು. ಅಂಗಡಿ ಹುಡುಗಿ ಬರುತ್ತಲ್ಲ, ಆ ತುಂಡು ತೆಗೀರಿ ಅಂದ್ರು. ಯಾಕೆ ಅಂದೆ. ನನ್ನ ಮಗಳು, ಸತ್ತುಹೋದ್ಲು, ಕೆಳಗೆ ಅವಳು ನಗೋವಾಗ ಜನ ಸಿಳ್ಳೆ ಹೊಡೀತಾರೆ ಅಂದ್ರು. ನಿಜ, ಹೊಡೀತಿದ್ರು. ಅದಕ್ಕೆಲ್ಲ ಹೊಡೀತಾರೆ ನಮ್ ಜನ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ರು. ಗಂಡಸು ಹಾಗೆ ಅಳೋದನ್ನ ನಾನು ನೋಡಿರ್ಲಿಲ್ಲ. ನನಗೂ ಹೆಣ್ಮಕ್ಳು. ಕತ್ತರಿ ಕೈಯಲ್ಲೇ ಇತ್ತು."

"ಬೇರೆ ಊರುಗಳಲ್ಲಿ?"

"ಎಲ್ಲ ಕಡೆ ಹೋಗಿದ್ರಂತೆ. ಇದ್ದಿದ್ದೇ ನಾಲ್ಕೋ ಐದೋ ಪ್ರಿಂಟು. ಇನ್ನು ನಿಮ್ಮದೊಂದೇ ಬಾಕಿ ಅಂದ್ರು."

"ಆ ತುಂಡು ಏನಾಯ್ತು?"

"ಅವರಿಗೇ ಕೊಟ್ಟೆ. ಸುತ್ತಿ ಜೇಬಿಗೆ ಹಾಕ್ಕೊಂಡು ಹೋದ್ರು. ನಿಮಗೆ ಅವರು ಏನಾಗ್ಬೇಕು?"

"ಅಪ್ಪ."

ಮುದುಕ ಹಿಡಿಯಿಂದ ಕೈ ತೆಗೆದ. "ಪುಣ್ಯದ ಕೆಲಸ ಮಾಡ್ದೆ ಅಂದ್ಕೊಂಡಿದ್ದೆ ತಾಯಿ, ಇಷ್ಟು ದಿನ" ಎಂದ. ಅವನ ಹೆಂಡತಿ ಟೀ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದಳು.

ವಾಪಸು ಬರುವ ಬಸ್ಸಿನಲ್ಲಿ ಪಾಪುವಿಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯಿತು. ಅವನು ಸತ್ತಾಗ ಅವನ ಪೆಟ್ಟಿಗೆ, ಕೋಟು, ಕಪಾಟು ಎಲ್ಲ ಖಾಲಿ ಮಾಡಿದವಳು ಅವಳೇ. ಅಂಥದ್ದೇನೂ ಸಿಕ್ಕಿರಲಿಲ್ಲ. ಏನು ಮಾಡಿದನೋ, ಎಲ್ಲಿ ಎಸೆದನೋ. ಆದರೆ ಕೋಪ ನೆಟ್ಟಗೆ ನಿಲ್ಲಲಿಲ್ಲ. ಊರಿಂದ ಊರಿಗೆ ಬಸ್ಸು ಹತ್ತಿ, ಟಿಕೆಟ್ಟು ಕೊಂಡು, ಕತ್ತಲಲ್ಲಿ ಒಬ್ಬನೇ ಕೂತು ಮಗಳು ಬರುವುದನ್ನು ಕಾಯುತ್ತಿದ್ದ ಅಪ್ಪ ಕಣ್ಣಿಗೆ ಕಟ್ಟಿದ. ಯಾವ ದೃಶ್ಯ ಕತ್ತರಿಸಬೇಕು ಎಂದು ಹೇಳಬೇಕಾದರೆ ಮೊದಲು ಅದನ್ನು ನೋಡಬೇಕಲ್ಲ. ಇಡೀ ಮನೆಯಲ್ಲಿ ಅಕ್ಕ ತಲೆ ಎತ್ತಿದ್ದನ್ನು ತೆರೆಯ ಮೇಲೆ ನೋಡಿದವನು ಅವನೊಬ್ಬನೇ, ಅದೂ ಮತ್ತೆ ಮತ್ತೆ ನೋಡಿದ್ದ. ಪಾಪುವಿಗೆ ಹೊಟ್ಟೆಕಿಚ್ಚಾಯಿತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಯಿತು.

ಅಮ್ಮನಿಗೆ ಅವಳು ಇದನ್ನು ಹೇಳಲಿಲ್ಲ.

ಕಚೇರಿಯಲ್ಲಿ ಶಬ್ದ ತೊಳೆಯುವವನನ್ನು ಎಲ್ಲರೂ ಕಿವಿರಾಯ ಎನ್ನುತ್ತಾರೆ. ಆನೆಯಂಥ ಕಿವಿಗಳು, ದಪ್ಪ ಹೆಡ್‌ಫೋನು, ಮೂರು ಬಾಗಿಲಾಚೆ ಯಾರಾದರೂ ತನ್ನ ವಿಷಯ ಆಡಿದರೆ ಎದ್ದು ಬರುವ ಸ್ವಭಾವ. ಆ ವಾರ ಅವನು ಪಾಪುವಿನ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಚಿತ್ರದ ನೆಗೆಟಿವ್ ಹೋಯ್ತು, ಸರಿ. ಸೌಂಡಿನ ನೆಗೆಟಿವ್ ಬೇರೆ ಡಬ್ಬಿ ಅಲ್ವಾ? ಅದು ಗೋದಾಮಿನ ಮೇಲಿನ ಹಲಗೆ ಮೇಲಿತ್ತು, ಚೆನ್ನಾಗಿದೆ. ಆರನೇ ರೀಲು ಪೂರ್ತಿ ಇದೆ."

ಪಾಪುವಿಗೆ ಇದು ಗೊತ್ತಿರಬೇಕಿತ್ತು. ಚಿತ್ರ ಒಂದು ಫಿಲ್ಮಿನಲ್ಲಿ, ಶಬ್ದ ಇನ್ನೊಂದರಲ್ಲಿ, ಎರಡೂ ಸೇರುವುದು ಥಿಯೇಟರಿನ ಪ್ರಿಂಟಿನಲ್ಲಿ ಎಂದು ಹೊಸಬರಿಗೆ ಪಾಠ ಹೇಳುವವಳೇ ಅವಳು. ಮುಖ, ಮುಖ ಎಂದು ಹಂಬಲಿಸುತ್ತ ಕಿವಿಯನ್ನು ಮರೆತಿದ್ದಳು. ಕಿವಿರಾಯನ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡಳು.

ಮೊದಲು ಸುಯ್ಯೆನ್ನುವ ಸದ್ದು. ಹೆಜ್ಜೆ. ನಾಯಕನ ಪ್ರಶ್ನೆ. ಆಮೇಲೆ ಒಂದು ಹುಡುಗಿಯ ಧ್ವನಿ, ತೆಳ್ಳಗೆ, ತಿಳಿಯಾಗಿ:

"ಆ ಮನೆಯವರು ಹೋಗಿ ಬಹಳ ದಿನ ಆಯ್ತಲ್ಲಾ! ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ?"

ಆಮೇಲೆ ನಗು.

ಪಾಪು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಐವತ್ತು ದಾಟಿದ ಹೆಂಗಸು ಅಕ್ಕನಿಗಾಗಿ ಮೊದಲ ಸಲ ಅಳುತ್ತಿದ್ದಳು. ಇಷ್ಟು ವರ್ಷ ಅಳಲು ಅವಳ ಬಳಿ ಅಕ್ಕನದೆನ್ನುವ ಏನೂ ಇರಲಿಲ್ಲ. ಕಿವಿರಾಯ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಅಲ್ಲಿಂದ ಅವಳ ಹಟ ಶುರುವಾಯಿತು. ದೃಶ್ಯ ಡಿಸ್ಕಿನಲ್ಲಿ ಇರಲೇಬೇಕು. ತೆರೆ ಕಪ್ಪಗಿರಲಿ, ಧ್ವನಿ ಕೇಳಲಿ. ಯಜಮಾನರು ತಲೆಮೇಲೆ ಕೈಹೊತ್ತರು.

"ಮೇಡಂ, ತೆರೆ ಕಪ್ಪಗಾದ್ರೆ ಜನ ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ತರ್ತಾರೆ. ಅಂಗಡಿಯವರಿಗೆ ಏನು ಹೇಳ್ಲಿ, ನಮ್ಮ ಮೇಡಂ ಅವರ ಅಕ್ಕ ಅಂತ ಹೇಳ್ಲಾ?"

"ಕೆಳಗೆ ಒಂದು ಸಾಲು ಹಾಕ್ಸಿ ಸರ್. ಈ ಭಾಗದ ಚಿತ್ರ ಉಳಿದಿಲ್ಲ, ಧ್ವನಿ ಮಾತ್ರ ಅಂತ. ಪುಸ್ತಿಕೆಯಲ್ಲೂ ಬರೀತೀನಿ. ಇಷ್ಟು ವರ್ಷದಲ್ಲಿ ನಾನು ನಿಮ್ಮನ್ನ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಯಜಮಾನರು ಗೊಣಗುತ್ತ ಒಪ್ಪಿದರು.

ಕಿವಿರಾಯ ಆ ಮಾತನ್ನು ತೊಳೆದು ತೊಳೆದು ಹಸನು ಮಾಡಿದ. ಸುಯ್ಯೆನ್ನುವ ಸದ್ದು ಹೋಯಿತು, ಚಟಪಟ ಹೋಯಿತು, ನಗುವಿನ ಕೊನೆಯಲ್ಲಿ ಹುಡುಗಿ ಉಸಿರೆಳೆದುಕೊಳ್ಳುವುದು ಕೂಡ ಕೇಳಿಸತೊಡಗಿತು. ಪಾಪು ದಿನಾ ಬಂದು ಒಂದು ಸಲ ಕೇಳಿ ಹೋಗುತ್ತಿದ್ದಳು. ಒಂದು ದಿನ ಅವನು ಕೇಳಿದ:

"ಆಗೆಲ್ಲ ಬೀದಿಯಲ್ಲಿ ಶೂಟ್ ಮಾಡಿದ್ರೆ ಮಾತು ಆಮೇಲೆ ಸ್ಟುಡಿಯೋದಲ್ಲೇ ರೆಕಾರ್ಡ್ ಮಾಡ್ತಿದ್ರು. ನಿಮ್ಮಕ್ಕನೇ ಹೋಗಿದ್ರಾ ಡಬ್ಬಿಂಗಿಗೆ?"

"ಅವಳಲ್ದೆ ಇನ್ಯಾರು ಹೋಗ್ತಾರೆ?" ಎಂದಳು ಪಾಪು, ಬೇಕಾದ್ದಕ್ಕಿಂತ ಜೋರಾಗಿ.

"ಅಲ್ಲ, ಸುಮ್ನೆ ಕೇಳ್ದೆ. ಅಮ್ಮಾವ್ರಿಗೆ ಒಂದು ಸಲ ಫೋನಲ್ಲಿ ಕೇಳ್ಸಿ ಬೇಕಾದ್ರೆ."

ಅವಳು ಕೇಳಿಸಲಿಲ್ಲ. ಅಮ್ಮನಿಗೆ ಅದು ಫೋನಿನಲ್ಲಿ ಕೀಚಲಾಗಿ ಬರುವುದು ಅವಳಿಗೆ ಬೇಕಾಗಿರಲಿಲ್ಲ. ಡಿಸ್ಕು ಕೈಗೆ ಬಂದ ದಿನ, ಒಳ್ಳೆಯ ಸ್ಪೀಕರಿನಲ್ಲಿ, ಹೇಳದೆ ಕೇಳದೆ ಕೇಳಿಸಬೇಕೆಂದಿತ್ತು. ಪುಸ್ತಿಕೆಗೆ ಯಾವ ಸಂಗತಿ ಬರೆದರೂ ತಿಳಿದವರಿಬ್ಬರಿಂದ ಖಾತ್ರಿ ಮಾಡಿಕೊಳ್ಳಬೇಕು ಎನ್ನುವುದು ಆ ಕಂಪನಿಯ ಪದ್ಧತಿ. ಆ ಪದ್ಧತಿ ತಂದವಳೂ ಪಾಪುವೇ, ಅದಕ್ಕಾಗಿ ಎಷ್ಟೋ ಜನರ ಜೊತೆ ಜಗಳವಾಡಿದವಳೂ ಅವಳೇ. ಈ ಒಂದು ಸಾಲಿಗೆ ಅವಳು ಯಾರನ್ನೂ ಕೇಳಲಿಲ್ಲ. ಸ್ವಂತ ಅಕ್ಕನ ಬಗ್ಗೆ ಇನ್ನೊಬ್ಬರ ಸಾಕ್ಷಿ ಯಾಕೆ? ಅಕ್ಕನ ಹೆಸರು ಹಾಕಿ, "ಕೊಡೆ ಅಂಗಡಿಯ ದೃಶ್ಯದಲ್ಲಿ ಈಕೆಯ ಧ್ವನಿ ಮಾತ್ರ ಉಳಿದಿದೆ" ಎಂದು ತನ್ನ ಕೈಯಾರೆ ಬರೆದುಕೊಟ್ಟಳು. ಅಚ್ಚಾಯಿತು. ಪೆಟ್ಟಿಗೆ ಪೆಟ್ಟಿಗೆ ಡಿಸ್ಕುಗಳು ಅಂಗಡಿಗಳಿಗೆ ಹೊರಟವು.

ಅವತ್ತು ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಕಿವಿರಾಯನಿಂದ ಎರಡು ಸ್ಪೀಕರು ಕಡ ತಂದಿದ್ದಳು. ಅಮ್ಮನನ್ನು ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು.

"ಅಮ್ಮ, ಅಕ್ಕನ್ನ ಕರ್ಕೊಂಡು ಬಂದಿದೀನಿ."

ಅಮ್ಮ ಸೆರಗು ಸರಿಮಾಡಿಕೊಂಡಳು. ತಲೆಗೂದಲು ಸವರಿಕೊಂಡಳು. ಹೊರಗಿನವರು ಬಂದಾಗ ಮಾಡುವ ಹಾಗೆ. "ಕನ್ನಡಕ ಎಲ್ಲಿಟ್ಟೆ?" ಎಂದಳು.

"ಮುಖ ಇಲ್ಲಮ್ಮ. ಮುಖದ ರೀಲು ಕೊಳೆತುಹೋಗಿದೆ. ಧ್ವನಿ ಇದೆ. ನಿನಗೆ ಹೇಗಿದ್ರೂ ಕಣ್ಣು ಮಂಜು, ಕಿವಿ ಚುರುಕು."

ಅಮ್ಮನ ಮುಖ ಒಂದು ಸಲ ಬಾಡಿತು. ಆಮೇಲೆ, "ಇರಲಿ, ಅಷ್ಟಾದ್ರೂ ಆಗ್ಲಿ" ಎಂದಳು.

ಟಿವಿಗೆ ಡಿಸ್ಕು ಹಾಕಿದಳು. ದೃಶ್ಯ ಬಂತು. ತೆರೆ ಕಪ್ಪಗಾಯಿತು. ಹೆಜ್ಜೆಯ ಸದ್ದು, ನಾಯಕನ ಪ್ರಶ್ನೆ. ಹುಡುಗಿ ಉತ್ತರ ಹೇಳಿ ನಕ್ಕಳು. ಧ್ವನಿ ಕೋಣೆಯ ತುಂಬ ಎಷ್ಟು ಹತ್ತಿರವಾಗಿ ಕೇಳಿತೆಂದರೆ ಬಾಗಿಲ ಬಳಿಯೇ ಯಾರೋ ನಿಂತಂತಿತ್ತು. ಪಾಪು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಕತ್ತು ಚಾಚಿ ಕೇಳಿದಳು. ನಗು ಮುಗಿದ ಮೇಲೂ ಕಾದಳು.

"ಯಾವಾಗ ಬರ್ತಾಳೆ?" ಎಂದಳು.

"ಬಂದ್ಲಲ್ಲಮ್ಮ. ಈಗ ಮಾತಾಡಿದ್ದು ಅವಳೇ."

"ಇನ್ನೊಂದು ಸಲ ಹಾಕು."

ಪಾಪು ಹಾಕಿದಳು. ಅಮ್ಮ 'ಅಲ್ಲ' ಎನ್ನುವಂತೆ ತಲೆಯಾಡಿಸಿದಳು.

"ಇದು ಅವಳಲ್ಲ ಕಣೇ."

"ವರ್ಷಗಳಾದ್ವಲ್ಲಮ್ಮ, ನಿನಗೆ ಮರ್ತಿರುತ್ತೆ."

"ಹೆತ್ತವಳಿಗೆ ಮರೆಯುತ್ತಾ?" ಅಮ್ಮನ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿಮ್ಮಕ್ಕಂದು ಗೊಗ್ಗರು ಧ್ವನಿ. ಒಳಗಿಂದ ಮಾತಾಡಿದ್ರೆ ಗಂಡುಹುಡುಗ ಅಂದ್ಕೊಳ್ಳೋರು. ಸ್ಟುಡಿಯೋದವರು ಕಾರು ಕಳ್ಸಿದ್ರು, ಮಾತು ಹೇಳೋಕೆ ಬರ್ಬೇಕು ಅಂತ. ನಿಮ್ಮಪ್ಪ ಅವಳನ್ನ ಒಳಗೆ ಹಾಕಿ ಚಿಲಕ ಹಾಕಿದ್ರು. ಕಾರಿನವನು ಬಾಗಿಲಲ್ಲಿ ಹಾರನ್ ಹೊಡ್ದೂ ಹೊಡ್ದೂ ಹೋದ. ಅವಳು ಹೋಗ್ಲೇ ಇಲ್ಲ. ಇದು ಬೇರೆ ಯಾರೋ ಮಾತಾಡಿರೋದು."

ಪಾಪು ಡಿಸ್ಕಿನ ಕವರನ್ನು ಕೆಳಗಿಟ್ಟಳು. "ನೀನು ಯಾವತ್ತೂ ಹೇಳಲಿಲ್ಲ."

"ನೀನು ಯಾವತ್ತೂ ಕೇಳಲಿಲ್ಲ. ಮುಖ ತರ್ತೀನಿ ಅಂತಿದ್ದೆ."

ಸ್ಪೀಕರಿನಲ್ಲಿ ಸಿನಿಮಾ ಮುಂದಕ್ಕೆ ಓಡುತ್ತಿತ್ತು. ಪಾಪು ಎದ್ದು ಆರಿಸಿದಳು. ಪುಸ್ತಿಕೆಯ ಸಾಲು ಕಣ್ಣ ಮುಂದೆ ಬಂತು, ಅಂಗಡಿಗಳಿಗೆ ಹೋದ ಪೆಟ್ಟಿಗೆಗಳು ಬಂದವು. ಇನ್ನು ಯಾರು ಕೇಳಿದರೂ ಅಕ್ಕ ಹೀಗೇ ಮಾತಾಡುತ್ತಿದ್ದಳು ಎಂದುಕೊಳ್ಳುತ್ತಾರೆ. ಅಪ್ಪ ಆ ತುಂಡನ್ನು ಜೇಬಿಗೆ ಹಾಕಿಕೊಂಡು ಹೋದ ಮೇಲೂ ಜಗತ್ತಿನಲ್ಲಿ ಅಕ್ಕನದು ಎಂದು ಏನೂ ಇಲ್ಲ ಎಂಬ ಒಂದು ಸತ್ಯ ಉಳಿದಿತ್ತು. ಅದರ ಮೇಲೂ ತಾನೇ ಬೇರೊಬ್ಬಳನ್ನು ತಂದು ಕೂರಿಸಿದ್ದಳು. ಅತ್ತ ಅಳು, ದಿನಾ ಹೋಗಿ ಕೇಳಿದ್ದು, ಎಲ್ಲ ಯಾರೋ ಗೊತ್ತಿಲ್ಲದವಳಿಗೆ ಸಂದಿತ್ತು.

"ಚೆನ್ನಾಗಿ ಮಾತಾಡಿದಾಳೆ, ಪಾಪ" ಎಂದಳು ಅಮ್ಮ. "ಅವಳ ತಾಯಿ ಎಲ್ಲಾದ್ರೂ ಇದ್ದು ಇದನ್ನ ಕೇಳಿದ್ರೆ ಗುರುತು ಹಿಡೀತಾಳೆ."

ಪಾಪು ಮಂಚದ ಅಂಚಿನಲ್ಲಿ ಕೂತು ಅಮ್ಮನ ಕೈ ಹಿಡಿದುಕೊಂಡಳು. "ಅಕ್ಕ ಹೇಗೆ ಮಾತಾಡ್ತಿದ್ಲು ಅಮ್ಮ? ನನಗೆ ಹೇಳು."

"ಹೇಳಿದ್ನಲ್ಲ, ಗೊಗ್ಗರು."

"ಹಾಗಲ್ಲ. ಅವಳ ಹಾಗೆ ಮಾತಾಡಿ ತೋರ್ಸು. ನಿನಗೊಬ್ಬಳಿಗೇ ಗೊತ್ತಿರೋದು."

ಅಮ್ಮ ಕಣ್ಣು ಮುಚ್ಚಿಕೊಂಡಳು. ತುಟಿಗಳು ಅಲುಗಿದವು. ಹೊರಗಿನಿಂದ ಹಸಿದು ಬಂದ ಹುಡುಗಿ ಹೊಸಿಲಲ್ಲೇ ಕೂಗುವ ಹಾಗೆ ಕತ್ತನ್ನು ಸ್ವಲ್ಪ ಮುಂದೆ ಮಾಡಿ, ಎಂಬತ್ತೈದು ದಾಟಿದ ಗಂಟಲಿನಿಂದ ಕರೆದಳು:

"ಅಮ್ಮಾ!"

ಧ್ವನಿ ನಡುಗಿ ಒಡೆಯಿತು. ಕೆಮ್ಮು ಬಂತು. ಪಾಪು ನೀರು ಕೊಟ್ಟಳು. ಅಮ್ಮ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟಳು.

"ಹೀಗಲ್ಲ" ಎಂದಳು. ಗಂಟಲು ಸರಿಮಾಡಿಕೊಂಡು ಇನ್ನೂ ದಪ್ಪ ಧ್ವನಿಯಲ್ಲಿ ಮತ್ತೆ ಕರೆದಳು. "ಅಮ್ಮಾ!"

ಇಬ್ಬರೂ ಕೇಳಿದರು.

"ಹೀಗೂ ಅಲ್ಲ" ಎಂದಳು ಅಮ್ಮ.